ನೀರು ಕುಡಿಯದೆ ಹೋಗಿ

ನಮ್ಮ ಕಂಟ್ರಾಕ್ಟರ್ ಹೆಂಗಸು. ಹೆಸರು ಬಾಗಿ. ಇದನ್ನು ನಾನು ಮಂಗಳೂರಿನ ಬಿಜೈಯ ಆ ಏಳು ಮಾಳಿಗೆಯ ಕಟ್ಟಡದಲ್ಲಿ ಹೇಳಿ ಹೇಳಿ ಸುಸ್ತಾದೆ. ಕಟ್ಟಡದ ಅಸೋಸಿಯೇಷನ್ನಿನ ಅಧ್ಯಕ್ಷರು ಮೋಹನದಾಸ ಎಂಬವರು. ಊರಲ್ಲಿ ಗದ್ದೆ, ಪೇಟೆಯಲ್ಲಿ ಎರಡು ಹೋಟೆಲು. ಅವರು ಬಂದು ಬಾಗಿಯ ಎದುರಿಗೇ ನಿಲ್ಲುತ್ತಿದ್ದರು. ಬಾಗಿಯ ತಲೆಯ ಮೇಲಿನಿಂದ ನನ್ನನ್ನು ನೋಡುತ್ತಿದ್ದರು.

"ಕಂಟ್ರಾಕ್ಟರೇ, ಆ ಮೂಲೆಯಲ್ಲಿ ಪಾಚಿ ಹಾಗೆಯೇ ಉಂಟಲ್ಲ?"

"ಸಾರ್, ಕಂಟ್ರಾಕ್ಟರ್ ಇವರು."

"ಹೌದಾ? ಹಾಗಾದ್ರೆ ಅವಳಿಗೆ ಹೇಳಿ."

ನಾನು ತಿರುಗಿ ಹೇಳುತ್ತಿದ್ದೆ. "ಬಾಗೀ, ಆ ಮೂಲೆಯಲ್ಲಿ ಪಾಚಿ ಉಂಟಂತೆ."

"ನನಗೆ ಕಿವಿ ಉಂಟು ಅಂತ ಹೇಳಿ ಉಮರಬ್ಬಾಕ."

"ಅವಳಿಗೆ ಕಿವಿ ಉಂಟಂತೆ ಸಾರ್."

ಉಮರಬ್ಬ ನಾನು. ಕಂಕನಾಡಿಯಿಂದ ಕಾವೂರಿನವರೆಗೆ ನಾನು ಬಣ್ಣ ಬಳಿಯದ ಬೀದಿ ಇಲ್ಲ. ಆದರೆ ನಾನು ಕೂಲಿಯವ. ಇಷ್ಟು ಗೋಡೆಗೆ ಇಷ್ಟು ಬಣ್ಣ ಎಂಬ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ. ನನಗೆ ಬಿಳಿ ಗಡ್ಡ ಉಂಟು, ಬಾಗಿಗೆ ಇಲ್ಲ. ನಾನು ಕಂಟ್ರಾಕ್ಟರ್ ಅಂತ ಮೋಹನದಾಸರು ನಂಬಲಿಕ್ಕೆ ಅಷ್ಟೇ ಸಾಕಾಯಿತು.

ಮೊದಲು ಕಂಟ್ರಾಕ್ಟರ್ ಆಗಿದ್ದವ ಬಾಗಿಯ ಗಂಡ ಲೋಕಯ್ಯ. ಕಂಕನಾಡಿಯ ಒಂದು ಮನೆಯಲ್ಲಿ ಬಿದಿರಿನ ಅಟ್ಟಳಿಗೆ ಮುರಿದು ಕೆಳಗೆ ಬಿದ್ದ. ಬಣ್ಣದ ಬಾಲ್ದಿಯೂ ಅವನ ಜೊತೆ ಬಿತ್ತು. ಮನೆಯ ಯಜಮಾನ ಓಡಿ ಬಂದ. ಅವನು ನೋಡಿದ್ದು ಲೋಕಯ್ಯನನ್ನಲ್ಲ. ಅಂಗಳದ ಇಂಟರ್‌ಲಾಕ್ ಇಟ್ಟಿಗೆಯ ಮೇಲೆ ಚೆಲ್ಲಿದ ಬಣ್ಣವನ್ನು. "ಇದು ಹೋಗ್ತದಾ?" ಎಂದು ಕೇಳಿದ. ನಾವು ಲೋಕಯ್ಯನನ್ನು ರಿಕ್ಷಾಕ್ಕೆ ಎತ್ತಿ ಹಾಕುವಾಗಲೂ ಅದೇ ಪ್ರಶ್ನೆ. ಬಣ್ಣ ಹೋಯಿತು. ಲೋಕಯ್ಯನ ಸೊಂಟವೂ ಹೋಯಿತು.

ಲೋಕಯ್ಯನ ಕೈಕೆಳಗೆ ಗೋಡೆಯ ಬಿರುಕಿಗೆ ಪುಟ್ಟಿ ಮೆತ್ತುತ್ತ, ಒಣಗಿದ ಮೇಲೆ ಉಜ್ಜುತ್ತ ಇದ್ದವಳು ಬಾಗಿ. ಅವನು ಮಲಗಿದ ಮೇಲೆ ಕೆಲಸ ತಾನೇ ಹಿಡಿದಳು. ಮೊದಲು ಮಾಡಿದ್ದು ಕಿವಿಯ ಬೆಂಡೋಲೆ ಅಡವು ಇಟ್ಟದ್ದು. ಆ ದುಡ್ಡಿನಲ್ಲಿ ಹೊಸ ಹಗ್ಗ ತಂದಳು, ಸೊಂಟಕ್ಕೆ ಕಟ್ಟುವ ಬೆಲ್ಟು ತಂದಳು. ಬಣ್ಣದ ದರ ಏರುತ್ತದೆ, ಒಪ್ಪಿದ ರೇಟು ಏರುವುದಿಲ್ಲ, ಹೊಸ ಹಗ್ಗ ಯಾಕೆ ಎಂದು ನಾನೇ ಕೇಳಿದೆ.

"ಹಳೆ ಹಗ್ಗದಲ್ಲಿ ನೀವು ಬಿದ್ರೆ ಝೈನಬಕ್ಕನಿಗೆ ನಾನು ಎಂತ ಹೇಳುದು?" ಎಂದಳು. ಝೈನಬ್ ನನ್ನ ಹೆಂಡತಿ. ಅವಳು ಬೈಯುವ ರೀತಿ ನನಗೆ ಗೊತ್ತಿದ್ದರಿಂದ ನಾನು ಬೆಲ್ಟು ಕಟ್ಟಿಕೊಂಡೆ.

ಬಿಜೈಯ ಕೆಲಸ ದೊಡ್ಡದು. ಕಟ್ಟಡದ ಹೊರಗೋಡೆ ಪೂರ್ತಿ. ಮೋಹನದಾಸರ ಮಗಳು ಗ್ರೀಷ್ಮಾಳ ನಿಶ್ಚಿತಾರ್ಥ ಕೆಳಗಿನ ಹಾಲ್‌ನಲ್ಲೇ ಆಗುವುದಿತ್ತು. ಅಷ್ಟರೊಳಗೆ ಮುಗಿಯಬೇಕು ಎಂದು ಕರಾರು. ನಾವು ನಾಲ್ಕೇ ಮಂದಿ, ಬಾಗಿ, ನಾನು, ಪ್ರೇಮ್, ಅಫ್ರೋಝ್. ಮೊದಲ ದಿನ ಮೋಹನದಾಸರು ನನ್ನ ಹತ್ತಿರ ಎಲ್ಲವನ್ನೂ ಮಾತಾಡಿ ಮುಗಿಸಿದ ಮೇಲೆ ಬಾಗಿಯನ್ನು ನೋಡಿದರು.

"ನಿನ್ನ ಮನೆ ಎಲ್ಲಿ?"

ಮಂಗಳೂರಿನಲ್ಲಿ ಈಗ ಯಾರೂ ಜಾತಿ ಕೇಳುವುದಿಲ್ಲ. ಮನೆ ಎಲ್ಲಿ ಎಂದು ಕೇಳುತ್ತಾರೆ.

"ಕಾವೂರು."

"ಕಾವೂರಲ್ಲಿ ಎಲ್ಲಿ?"

"ಕಾಲನಿ."

"ಓ," ಎಂದರು. ಅಷ್ಟೇ. ಮರುದಿನ ಲಿಫ್ಟಿನಲ್ಲಿ ಒಂದು ಕಾಗದ ಅಂಟಿತು. ಕೆಲಸದವರು ಲಿಫ್ಟ್ ಬಳಸಬಾರದು. ಹಾಲ್ ಪಕ್ಕದ ಕಕ್ಕಸಿಗೆ ಬೀಗ ಬಿತ್ತು. ಅದು ಅತಿಥಿಗಳಿಗೆ ಮಾತ್ರ ಎಂದು ವಾಚ್‌ಮನ್ ಹೇಳಿದ. ಅತಿಥಿಗಳು ಎಲ್ಲಿ ಎಂದು ಕೇಳಿದೆ. ನಿಶ್ಚಿತಾರ್ಥಕ್ಕೆ ಬರುತ್ತಾರೆ ಎಂದ.

ಇಪ್ಪತ್ತು ಲೀಟರಿನ ಡಬ್ಬಿ ಹೆಗಲಿಗೇರಿಸಿ ಏಳು ಮಾಳಿಗೆ ಹತ್ತಿ ನೋಡಿ. ಮೊದಲು ಮೊಣಕಾಲು ಮಾತಾಡುತ್ತದೆ, ಆಮೇಲೆ ಎದೆ. ಮೇಲೆ ಹೋಗಿ ತಾರಸಿಯಿಂದ ಹಗ್ಗದಲ್ಲಿ ಇಳಿಬಿಟ್ಟ ಹಲಗೆಯಲ್ಲಿ ಕೂತು ಬಿಸಿಲಿನಲ್ಲಿ ಪಾಚಿ ಕೆರೆಯಬೇಕು. ಮಂಗಳೂರಿನ ಮಳೆ ಕುಡಿದ ಪಾಚಿ ಅದು, ಗೋಡೆಯನ್ನು ಬಿಡುವುದಿಲ್ಲ. ಪುಟ್ಟಿ ಉಜ್ಜಿದ ಧೂಳು ಮೂಗು, ಬಾಯಿ, ಕಣ್ಣು ಎಲ್ಲ ಕಡೆ. ಉಗುಳಿದರೆ ಬಿಳಿ. ಮನೆಗೆ ಹೋದರೆ ಝೈನಬ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಂಬಳಿಯ ಹಾಗೆ ಕೊಡವುತ್ತಿದ್ದಳು.

ಪ್ರೇಮ್ ಉಪಾಯ ಮಾಡಿದ. ಅವನು ಹಿಂದೆ ಒಂದು ದೊಡ್ಡ ಪೇಂಟಿಂಗ್ ಕಂಪೆನಿಗೆ ದಿನಗೂಲಿಗೆ ಹೋಗುತ್ತಿದ್ದ. ಅವರು ಕೊಟ್ಟ ನೀಲಿ ಟೀ ಶರ್ಟ್ ಇತ್ತು. ಅದನ್ನು ಹಾಕಿಕೊಂಡು ಬಂದ. ವಾಚ್‌ಮನ್ ಎದ್ದು ನಿಂತ. "ಬನ್ನಿ ಸಾರ್," ಎಂದು ಲಿಫ್ಟಿನ ಬಾಗಿಲು ತೆರೆದ. ಪ್ರೇಮ್ ಮೇಲೆ ಹೋದ. ಡಬ್ಬಿ ಹೊತ್ತು ನಾನು ಮೆಟ್ಟಿಲು ಹತ್ತಿ ಹೋದೆ.

"ನಾಳೆ ನನಗೆ ಕೊಡು ಆ ಅಂಗಿ," ಎಂದೆ.

"ನಿಮ್ಮ ಹೊಟ್ಟೆಗೆ ಆಗ್ಲಿಕ್ಕಿಲ್ಲ ಕಾಕ."

ಮೆಟ್ಟಿಲನ್ನು ಸಹಿಸಬಹುದು. ಕಕ್ಕಸಿಲ್ಲದಿರುವುದನ್ನು ಸಹಿಸುವುದು ಹೇಗೆ? ಉಚ್ಚೆ ಬಂದಾಗ ಹಲಗೆಯಿಂದ ತಾರಸಿಗೆ ಹತ್ತಬೇಕು. ಬೆಲ್ಟು ಬಿಚ್ಚಬೇಕು. ಮೆಟ್ಟಿಲು ಇಳಿಯಬೇಕು. ಬಸ್ ಸ್ಟ್ಯಾಂಡಿನವರೆಗೆ ನಡೆಯಬೇಕು. ಅಲ್ಲಿ ಬಸ್ ಇಳಿದವರ ಸಾಲಿನಲ್ಲಿ ನಿಲ್ಲಬೇಕು. ವಾಪಸು ಬಂದು ಮೇಲೆ ಹತ್ತುವಾಗ ಇನ್ನೊಮ್ಮೆ ಬರುತ್ತಿತ್ತು. ನನಗೆ ವಯಸ್ಸಾಗಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಗಂಡಸರು ನಾವು ಒಮ್ಮೊಮ್ಮೆ ಕಾಂಪೌಂಡಿನ ಹಿಂದೆ ಗೋಡೆಗೆ ಮುಖ ಮಾಡಿದ್ದೂ ಉಂಟು. ಬಾಗಿ ಎಲ್ಲಿಗೆ ಹೋಗುವುದು?

ಬಾಗಿ ನೀರು ಕುಡಿಯುವುದನ್ನೇ ಬಿಟ್ಟಳು. ಬಿಸಿಲಿನಲ್ಲಿ ನೇತಾಡುತ್ತಾಳೆ, ತುಟಿ ಒಡೆದಿದೆ, ಬಾಟಲಿ ಮುಟ್ಟುವುದಿಲ್ಲ. ಒಂದು ದಿನ ಹಲಗೆಯಲ್ಲಿ ನಡುಗುತ್ತಿದ್ದಳು. ಜ್ವರ. ಉಚ್ಚೆ ಹೋಗುವಾಗ ಉರಿ. ನಾನು ಕಂಕನಾಡಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು. ನೀರು ಚೆನ್ನಾಗಿ ಕುಡಿಯಬೇಕು ಎಂದರು.

"ಕುಡಿದ ನೀರು ಎಲ್ಲಿ ಹಾಕುದು ಡಾಕ್ಟ್ರೇ?" ಎಂದು ಬಾಗಿ ಕೇಳಿದಳು.

ಡಾಕ್ಟರು ಉರಿಗೆ ಮಾತ್ರೆ ಬರೆದರು, ಜ್ವರಕ್ಕೆ ಮಾತ್ರೆ ಬರೆದರು. ಇದಕ್ಕೆ ಅವರಲ್ಲಿ ಮಾತ್ರೆ ಇರಲಿಲ್ಲ.

ಮರುದಿನ ಬಾಗಿ ಮೋಹನದಾಸರ ಕಾರಿನ ಹತ್ತಿರ ಕಾದು ನಿಂತಳು. ನಾನೂ ನಿಂತೆ. ನಾನು ಇಲ್ಲದೆ ಅವರಿಗೆ ಅವಳು ಕಾಣುವುದಿಲ್ಲವಲ್ಲ.

"ಸಾರ್, ಹಾಲ್ ಪಕ್ಕದ ಕಕ್ಕಸಿನ ಬೀಗದ ಕೈ ಬೇಕು. ನಾವೇ ತೊಳೆದು ಇಡ್ತೇವೆ."

ಅವರು ನನಗೆ ಹೇಳಿದರು. "ನೋಡಿ, ಇದು ನನ್ನದಲ್ಲ, ಅಸೋಸಿಯೇಷನ್ನಿನ ರೂಲ್ಸು. ನಾಳೆ ಎಂತಾದ್ರೂ ಕಳುವಾದ್ರೆ?"

"ಕಕ್ಕಸಿನಿಂದ ಎಂತ ಕಳು ಮಾಡುದು ಸಾರ್?" ಎಂದಳು ಬಾಗಿ.

ಮನೆ ಎಲ್ಲಿ ಎಂದು ಕೇಳಿದ ದಿನದ ನಂತರ ಮೊದಲ ಸಲ ಅವರು ಅವಳನ್ನೇ ನೋಡಿದರು. ಮುಖ ಕೆಂಪಾಯಿತು. "ನಿನಗೆ ಲೈಸೆನ್ಸ್ ಉಂಟಾ?"

"ಎಂತ ಲೈಸೆನ್ಸ್?"

"ಕಂಟ್ರಾಕ್ಟರ್ ಅಂತ ಹೇಳ್ತೀಯಲ್ಲ. ಲೈಸೆನ್ಸ್ ತೋರಿಸು. ಸೌಲಭ್ಯ ಎಲ್ಲ ಲೈಸೆನ್ಸ್ ಇರುವ ಕಂಟ್ರಾಕ್ಟರ್‌ಗೆ. ಇಲ್ಲದಿದ್ರೆ ಸುಮ್ಮನೆ ಕೆಲಸ ಮಾಡು. ಅದೂ ಆಗುದಿಲ್ವಾ, ಹೋಗು. ನನಗೆ ಕಂಪೆನಿಯವರು ಇದ್ದಾರೆ."

ಹೋಗುವುದು ಹೇಗೆ? ಮುಂಗಡವೆಲ್ಲ ಬಣ್ಣವಾಗಿ ಗೋಡೆಗೆ ಹತ್ತಿತ್ತು.

ಸರಿ, ಲೈಸೆನ್ಸ್ ಹುಡುಕಲು ಹೊರಟೆವು. ಮೊದಲ ಕಚೇರಿಯಲ್ಲಿ ಗುಮಾಸ್ತ ಕೇಳಿದ, "ಅಂಗಡಿ ಎಲ್ಲಿ?"

"ಅಂಗಡಿ ಇಲ್ಲ."

"ಮತ್ತೆ ವ್ಯಾಪಾರ ಎಲ್ಲಿ?"

"ಗೋಡೆ ಎಲ್ಲಿ ಉಂಟೋ ಅಲ್ಲಿ."

"ಗೋಡೆಗೆ ಲೈಸೆನ್ಸ್ ಕೊಡ್ಲಿಕ್ಕೆ ಆಗುದಿಲ್ಲ. ಒಂದು ಅಂಗಡಿ ಮಾಡಿ, ಬನ್ನಿ."

ಎರಡನೆಯ ಕಚೇರಿಯಲ್ಲಿ ಸೇತುವೆ ಕಟ್ಟುವವರಿಗೆ, ರಸ್ತೆ ಹಾಕುವವರಿಗೆ ಮಾತ್ರ ಲೈಸೆನ್ಸ್ ಅಂತೆ. "ನೀವು ಸೇತುವೆ ಕಟ್ಟುದಾ?" ಎಂದು ಕೇಳಿದರು. ಬಾಗಿ ಸ್ವಲ್ಪ ಯೋಚನೆ ಮಾಡಿದಳು. ಅವಳು ಹೌದು ಎನ್ನುವ ಮೊದಲೇ ನಾನು ಅವಳನ್ನು ಹೊರಗೆ ಕರೆದುಕೊಂಡು ಬಂದೆ.

ಮೂರನೆಯ ಕಚೇರಿಯಲ್ಲಿ ಕಾರ್ಮಿಕರ ಕಾರ್ಡ್ ಮಾಡಿಸಬಹುದು ಎಂದರು.

"ನಿಮ್ಮ ಮಾಲೀಕರ ಸಹಿ ಬೇಕು. ಮಾಲೀಕರು ಯಾರು?"

"ನಾನೇ," ಎಂದಳು ಬಾಗಿ.

"ಹಾಗಾದ್ರೆ ನೀವು ಕಾರ್ಮಿಕರಲ್ಲ."

"ಹಾಗಾದ್ರೆ ಕಂಟ್ರಾಕ್ಟರ್ ಅಂತ ಬರ್ದು ಕೊಡಿ."

"ಲೈಸೆನ್ಸ್ ಇಲ್ಲದೆ ಹಾಗೆ ಬರೀಲಿಕ್ಕೆ ಆಗುದಿಲ್ಲಮ್ಮ."

ಅಲ್ಲಿಯೇ ಒಳಗಿನ ಕೋಣೆಯಲ್ಲಿ ಒಬ್ಬ ಮೇಡಂ ಕೂತಿದ್ದರು. ನಮ್ಮ ಗಲಾಟೆ ಕೇಳಿ ಕರೆದರು. ಕೂರಿಸಿದರು. ನಾಲ್ಕು ಮಂದಿ ಸೇರಿ ಮನೆಗೆ ಬಣ್ಣ ಬಳಿಯುವುದಕ್ಕೆ ಲೈಸೆನ್ಸ್ ಎಂಬುದೇ ತನಗೆ ಗೊತ್ತಿಲ್ಲ, ಯಾರು ಹೇಳಿದ್ದು ಎಂದು ಕೇಳಿದರು. ಆಮೇಲೆ ಅವರೇ ಮಾತು ತೆಗೆದರು.

"ಕೆಲಸದ ಜಾಗದಲ್ಲಿ ಹೆಂಗಸರಿಗೆ ಟಾಯ್ಲೆಟ್ ಉಂಟಾ?"

ಬಾಗಿಗೆ ನಗೆ ಬಂತು. ತಡೆಯಲು ಹೋದಳು. ಆಗಲಿಲ್ಲ. ಸೆರಗು ಬಾಯಿಗೆ ಇಟ್ಟುಕೊಂಡು ಮೇಜಿನ ಮೇಲೆ ಬಗ್ಗಿ ನಕ್ಕಳು. ಮೇಡಂ ಹೆದರಿ ನೀರು ಕೊಟ್ಟರು. ನೀರು ನೋಡಿ ಇನ್ನೂ ನಕ್ಕಳು. ಇಲ್ಲ, ಬೀಗ ಹಾಕಿದ್ದಾರೆ ಎಂದು ನಾನು ಹೇಳಿದೆ.

ಮೇಡಂ ಕನ್ನಡಕ ತೆಗೆದರು. "ನೀವು ಹತ್ತು ಜನ ಇದ್ದಿದ್ರೆ ನಾನು ನೋಟಿಸ್ ಕೊಡಬಹುದಿತ್ತು. ಅದಕ್ಕಿಂತ ಕಡಿಮೆ ಇದ್ರೆ ನಮ್ಮ ಕಾನೂನು ಮುಟ್ಟುದಿಲ್ಲ."

ಬಾಗಿಯ ನಗೆ ನಿಂತಿತು. "ನಾಲ್ಕು ಜನಕ್ಕೆ ಉಚ್ಚೆ ಬರುದಿಲ್ಲ ಅಂತವಾ ಮೇಡಂ ಕಾನೂನು?"

ಮೇಡಂಗೂ ನಾಚಿಕೆಯಾಯಿತು ಎಂದು ಕಾಣುತ್ತದೆ. ಗುಮಾಸ್ತನನ್ನು ಕರೆದು, ಆ ಓಣಿಯ ಕೊನೆಯಲ್ಲಿ ಹೆಂಗಸರ ಟಾಯ್ಲೆಟ್ ಉಂಟು, ಇವರಿಗೆ ತೋರಿಸಿ ಎಂದರು. ಇಡೀ ದಿನದಲ್ಲಿ ಸರ್ಕಾರದಿಂದ ನಮಗೆ ಸಿಕ್ಕಿದ ಸೌಲಭ್ಯ ಅದೊಂದು.

ಮತ್ತೆ ಹಗ್ಗ. ಮತ್ತೆ ಬಿಸಿಲು. ಈ ಸಲ ಕಟ್ಟಡದ ಹಿಂಭಾಗ. ಅಲ್ಲಿ ಕಕ್ಕಸಿನ ಪೈಪುಗಳು ಮೇಲಿನಿಂದ ಕೆಳಗಿನವರೆಗೆ ಇಳಿದಿವೆ. ಪೈಪಿಗೂ ಬಣ್ಣ ಬಳಿಯಬೇಕು. ಒಂದೊಂದು ಮನೆಗೆ ಮೂರು ಬಾತ್‌ರೂಮು. ನಾವು ಪೈಪನ್ನು ಅಪ್ಪಿ ಹಿಡಿದು ಉಜ್ಜುತ್ತಿದ್ದೆವು. ಒಳಗಿನಿಂದ ಯಾರೋ ಫ್ಲಶ್ ಎಳೆದರೆ ನಮ್ಮ ಎದೆಯ ಹತ್ತಿರ ಸದ್ದು ಇಳಿದು ಹೋಗುತ್ತಿತ್ತು.

"ಇದು ಮೂರನೇ ಮಾಳಿಗೆ," ಎನ್ನುತ್ತಿದ್ದ ಅಫ್ರೋಝ್. "ಬೆಳಿಗ್ಗೆಯಿಂದ ಇವರಿಗೆ ಹೊಟ್ಟೆ ಸರಿ ಇಲ್ಲ ಮಾರಾಯ್ರೆ."

ನಾವು ನಕ್ಕೆವು. ಬಾಗಿ ನಗಲಿಲ್ಲ. ಪೈಪಿಗೆ ಕೈ ಇಟ್ಟು ಹಾಗೆಯೇ ನೇತಾಡುತ್ತಿದ್ದಳು. "ಇಡೀ ಕಟ್ಟಡ ಹೋಗ್ತಾ ಉಂಟು," ಎಂದಳು. "ನಾವು ಪೈಪಿಗೆ ಬಣ್ಣ ಬಳಿಯುದು."

ಅದಾಗಿ ಸ್ವಲ್ಪ ದಿನಕ್ಕೆ ಮುಂಭಾಗಕ್ಕೆ ಬಂದೆವು. ಮೇಲಿನ ಅರ್ಧ ಮುಗಿಯಿತು. ಬಾಗಿಯೂ ನಾನೂ ಏಳನೇ ಮಾಳಿಗೆಯಲ್ಲಿ ಮೋಹನದಾಸರ ಮನೆಯ ಬಾಲ್ಕನಿಗೆ ಹಲಗೆಯಿಂದ ಇಳಿದು ಒಳಮೂಲೆ ಬಳಿಯುತ್ತಿದ್ದೆವು. ಅವತ್ತು ಗಂಡಿನ ಕಡೆಯವರು ಬಂದಿದ್ದರು. ಮನೆಯ ಒಳಗೆ ಸೋಫಾ ತುಂಬ ಜನ. ಮೋಹನದಾಸರ ಹೆಂಡತಿ ಶಶಿಪ್ರಭಾ ಎಲ್ಲರಿಗೂ ಜ್ಯೂಸು ಕೊಡುತ್ತಿದ್ದರು. ಗಂಡಿನ ಅಜ್ಜಿ ಬಾಲ್ಕನಿಯ ಹತ್ತಿರದ ಕುರ್ಚಿಯಲ್ಲಿದ್ದರು.

ಮಾತ್ರೆ ನುಂಗಿದರೂ ಬಾಗಿಗೆ ಜ್ವರ ಇನ್ನೂ ಬಿಟ್ಟಿರಲಿಲ್ಲ. ಡಾಕ್ಟರ ಮಾತು ಕೇಳಿ ಆ ಬೆಳಿಗ್ಗೆ ಒಂದು ಬಾಟಲಿ ನೀರು ಕುಡಿದಿದ್ದಳು. ಬ್ರಷ್ ಕೆಳಗಿಟ್ಟಳು. ಗೋಡೆ ಹಿಡಿದಳು.

"ಉಮರಬ್ಬಾಕ, ಬಸ್ ಸ್ಟ್ಯಾಂಡಿನವರೆಗೆ ಆಗುದಿಲ್ಲ."

ನಾನು ಏನಾದರೂ ಹೇಳುವ ಮೊದಲು ಗಾಜಿನ ಬಾಗಿಲು ಸರಿಸಿ ಒಳಗೆ ಹೋದಳು. ತಲೆಯಿಂದ ಕಾಲಿನವರೆಗೆ ಪುಟ್ಟಿ. ಕಣ್ಣು ಮಾತ್ರ ಕಪ್ಪು. ಮಾರ್ಬಲ್ ಮೇಲೆ ಬಿಳಿ ಹೆಜ್ಜೆ ಮೂಡಿತು. ಎಲ್ಲರ ಬಾಯಲ್ಲಿ ಜ್ಯೂಸು ನಿಂತಿತು.

"ಅಕ್ಕ, ಕಕ್ಕಸು ಎಲ್ಲಿ?"

ಶಶಿಪ್ರಭಾ ಟ್ರೇ ಹಿಡಿದು ಕಂಬದ ಹಾಗೆ ನಿಂತರು. ಉತ್ತರ ಕೊಟ್ಟದ್ದು ಅಜ್ಜಿ. "ಅಲ್ಲಿ ಎಡಕ್ಕೆ ಮಗಾ. ನಾನು ಈಗ ಹೋಗಿ ಬಂದೆ. ಫ್ಲಶ್ ಸ್ವಲ್ಪ ಗಟ್ಟಿ ಉಂಟು, ಜೋರು ಒತ್ತು."

ಬಾಗಿ ಹೋದಳು. ಚಿಲಕ ಹಾಕಿದಳು. ನಾನು ಬಾಲ್ಕನಿಯಲ್ಲಿ ನಿಂತು ಗೋಡೆ ನೋಡಿದೆ. ನನ್ನ ಜೀವನದಲ್ಲಿ ಒಂದು ಗೋಡೆಯನ್ನು ಅಷ್ಟು ಶ್ರದ್ಧೆಯಿಂದ ನಾನು ನೋಡಿದ್ದಿಲ್ಲ. ಫ್ಲಶ್ಶಿನ ಸದ್ದು ಕೇಳಿತು. ಜೋರಾಗಿಯೇ ಒತ್ತಿದ್ದಳು.

ಅವಳು ಹೊರಗೆ ಬರುವಾಗ ಮೋಹನದಾಸರು ಕೋಣೆಯಿಂದ ಬಂದರು. ಹೆಜ್ಜೆಗಳನ್ನು ನೋಡಿದರು. ಬಾತ್‌ರೂಮಿನ ಬಾಗಿಲು ನೋಡಿದರು. ಬಾಗಿಯನ್ನು ನೋಡಿದರು. ನೆಂಟರು ಇದ್ದದ್ದು ಮರೆತೇ ಹೋಯಿತು ಅವರಿಗೆ.

"ಯಾರನ್ನು ಕೇಳಿ ಒಳಗೆ ಬಂದದ್ದು? ಎಂತ ಧೈರ್ಯ ನಿನಗೆ! ತೊಳಿ. ಫಿನಾಯಿಲ್ ಹಾಕಿ ಎರಡು ಸಲ ತೊಳೆದು ಹೋಗು."

"ನೀರು ಹಾಕಿದ್ದೇನೆ."

"ತೊಳಿ ಅಂತ ಹೇಳಿದ್ದು."

ಅಜ್ಜಿ ಗ್ಲಾಸು ಕೆಳಗಿಟ್ಟರು. "ಯಾಕೆ ತೊಳೆಯುದು? ನಾನು ಹೋಗಿ ಬಂದಾಗ ತೊಳೆಸಲಿಲ್ಲ ಅಲ್ವಾ?"

ಅಜ್ಜಿ ಸುಮ್ಮನೆ ಕೇಳಿದರೋ, ಬೇಕೆಂದು ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೋಫಾದಲ್ಲಿ ಯಾರಿಗೋ ಜ್ಯೂಸು ನೆತ್ತಿಗೆ ಹತ್ತಿತು. ಬಾಗಿ ಮೋಹನದಾಸರಿಗೇ ಹೇಳಿದಳು.

"ನಾನು ತೊಳೆಯುದಿಲ್ಲ ಸಾರ್. ನನ್ನ ಅಜ್ಜಿ ನಿಮ್ಮಂಥವರ ಅಂಗಳದಲ್ಲಿ ಸೆಗಣಿ ಬಾಚಿದ್ದಾಳೆ. ಅಮ್ಮ ಬಾಚಿದ್ದಾಳೆ. ಅಂಗಳ ದಾಟ್ಲಿಕ್ಕೆ ಬಿಡ್ಲಿಲ್ಲ. ನಾನು ಬಣ್ಣ ಬಳಿಯುದು. ನಿಮ್ಮ ಪೈಪಿಗೂ ಬಳಿದಿದ್ದೇನೆ. ನನ್ನ ಉಚ್ಚೆ ನಿಮ್ಮ ಪೈಪಿನಲ್ಲೇ ಹೋಗಿದೆ, ನಿಮ್ಮದರ ಜೊತೆಗೆ. ಬೇರೆ ಮಾಡ್ಲಿಕ್ಕೆ ಆಗ್ತದಾ ನೋಡಿ."

ತಿರುಗಿ ಬಾಲ್ಕನಿಗೆ ಬಂದಳು.

"ಉಮರಬ್ಬಾಕ, ಹಗ್ಗ ಇಳಿಸಿ. ಕೆಲಸ ಸಾಕು."

ಇಳಿಸಿದೆವು. ಡಬ್ಬಿ ಮುಚ್ಚಿದೆವು. ಕಟ್ಟಡ ನೋಡಲು ಚಂದವಿತ್ತು. ಮೇಲೆ ಅರ್ಧ ಹೊಸ ಕೆನೆ ಬಣ್ಣ, ಕೆಳಗೆ ಅರ್ಧ ಹಸಿರು ಪಾಚಿ. ಶರ್ಟ್ ಹಾಕಿ ಪಂಚೆ ಉಡದವನ ಹಾಗೆ.

ಗೇಟಿನ ಹೊರಗೆ ನೆರಳಿನಲ್ಲಿ ಕೂತೆವು. ಬಾಗಿ ಫೋನು ತೆಗೆದಳು. ಪೇಂಟರ್‌ಗಳ ವಾಟ್ಸಾಪ್ ಗ್ರೂಪು ಒಂದಿದೆ. ಯಾರಿಗೆ ಜನ ಬೇಕು, ಎಲ್ಲಿ ಬಣ್ಣ ಕಡಿಮೆಗೆ ಸಿಗುತ್ತದೆ ಎಂಬುದಕ್ಕೆ. ಅದರಲ್ಲಿ ಮಾತಾಡಿ ವಾಯ್ಸ್ ಮೆಸೇಜು ಕಳಿಸಿದಳು.

"ಬಿಜೈಯಲ್ಲಿ ಅರ್ಧ ಬಣ್ಣ ಆದ ಒಂದು ಕಟ್ಟಡ ಉಂಟು. ನಿಮ್ಮನ್ನು ಕರೀಬಹುದು. ಒಂದೊಂದು ಮನೆಗೆ ಮೂರು ಕಕ್ಕಸು. ನಮಗೆ ಒಂದೂ ಇಲ್ಲ. ಹೋಗುವವರು ಹೋಗಿ. ನೀರು ಕುಡಿಯದೆ ಹೋಗಿ."

ಆ ಕೆಲಸಕ್ಕೆ ಹೋಗಬೇಡಿ ಎಂದು ಅವಳು ಯಾರಿಗೂ ಹೇಳಲಿಲ್ಲ. ಗ್ರೂಪಿನಿಂದ ಆ ಸ್ವರ ಊರೂರು ಸುತ್ತಿತು.

ಮುಂದಿನ ಸುದ್ದಿ ನಮಗೆ ವಾಚ್‌ಮನ್‌ನಿಂದ ಸಿಕ್ಕಿತು. ಅವನು ಗೇಟಿನ ಒಳಗಿದ್ದರೂ ಮನಸ್ಸು ನಮ್ಮ ಕಡೆಗೆ ವಾಲಿತ್ತು. ಮೋಹನದಾಸರು ಕಾವೂರಿನ ಒಬ್ಬ ಪೇಂಟರ್‌ಗೆ ಫೋನು ಮಾಡಿದರಂತೆ. ಎಲ್ಲ ಕೇಳಿ ಅವನು ಕೊನೆಗೆ, "ಸಾರ್, ಕಕ್ಕಸು ಉಂಟಾ?" ಎಂದನಂತೆ. ಕಂಕನಾಡಿಯವನಿಗೆ ಮಾಡಿದರು. ಅವನು ಮೊದಲೇ ಕೇಳಿದ, "ಸಾರ್, ಕಕ್ಕಸು ಉಂಟಾ?" ಇನ್ನೊಬ್ಬನಂತೂ ನಮಸ್ಕಾರ ಕೂಡ ಹೇಳದೆ ಅದನ್ನೇ ಕೇಳಿದ. ಸಿಟ್ಟಿನಲ್ಲಿ ಮೋಹನದಾಸರು ಕಂಪೆನಿಗೆ ಫೋನು ಮಾಡಿದರು. ಒಂದು ಹುಡುಗಿ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಎಲ್ಲ ಆಗುತ್ತದೆ ಎಂದಳು. ಸ್ವಲ್ಪ ಹೊತ್ತಿಗೆ ಅವಳೇ ವಾಪಸು ಫೋನು ಮಾಡಿದಳು. "ಸರ್, ಒಂದು ಚಿಕ್ಕ ವಿಷಯ. ನಮ್ಮ ಟೀಮಿನವರು ಟಾಯ್ಲೆಟ್ ಬಗ್ಗೆ ಕೇಳ್ತಿದ್ದಾರೆ."

ಕಂಪೆನಿಯ ಟೀಮು ಅಂದರೆ ಯಾರು? ನಾವೇ. ನೀಲಿ ಅಂಗಿ ಮಾತ್ರ ಅವರದ್ದು.

ನಿಶ್ಚಿತಾರ್ಥ ಹತ್ತಿರ ಬಂತು. ಗಂಡಿನ ಕಡೆಯವರು ಕಟ್ಟಡದ ಎದುರು ಫೋಟೋ ತೆಗೆಸುವ ಮಾತಾಡಿದರಂತೆ. ಆ ಸಂಜೆ ಶಶಿಪ್ರಭಾ ಬಾಗಿಯ ಮನೆ ಹುಡುಕಿಕೊಂಡು ಕಾವೂರಿಗೆ ಬಂದರು. ನಾನೂ ಅಲ್ಲಿದ್ದೆ, ಲೋಕಯ್ಯನಿಗೆ ಮಗ್ಗುಲು ಬದಲಿಸಲು. ಅವರು ಹೊಸ್ತಿಲಿನ ಹೊರಗೆ ನಿಂತರು. ಬಾಗಿ ಕುರ್ಚಿ ಹಾಕಿದಳು. ಕೂರಲಿಲ್ಲ. ಲೋಕಯ್ಯ ಮಲಗಿದಲ್ಲಿಂದಲೇ, "ಕೂತುಕೊಳ್ಳಿ ಅಕ್ಕ, ಕೂತದ್ದಕ್ಕೆ ನಾವು ತೊಳೆಸುದಿಲ್ಲ," ಎಂದ. ಅವರು ಕೂತರು.

ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. "ಅವರಿಗೆ ಹೇಳಿ ಆಗಿದೆ. ನಾಳೆಯಿಂದ ಬನ್ನಿ."

"ಲಿಫ್ಟು?"

"ಅದೂ."

"ಲಿಫ್ಟಿನ ಕಾಗದ ಅವರೇ ತೆಗೀಬೇಕು ಅಕ್ಕ. ವಾಚ್‌ಮನ್ ಅಲ್ಲ."

"ತೆಗೆಸ್ತೇನೆ," ಎಂದರು. ಆಮೇಲೆ ಸ್ವರ ಸಣ್ಣ ಮಾಡಿ, "ಆ ಅಜ್ಜಿ ಪ್ರತಿ ಫೋನಿಗೂ ನಿನ್ನನ್ನು ಕೇಳ್ತಾರೆ ಮಾರಾಯ್ತಿ," ಎಂದರು. ನಗೆ ಬಂದದ್ದನ್ನು ಕೆಮ್ಮಿ ಮುಚ್ಚಿದರು.

ಮೋಹನದಾಸರು ಕಾಗದ ತೆಗೆಯುವಾಗ ನಾವೆಲ್ಲ ಲಿಫ್ಟಿನ ಎದುರು ಇದ್ದೆವು. ಅಂಟು ಗಟ್ಟಿಯಿತ್ತು. ಉಗುರಿನಿಂದ ಕೆರೆದು ಕೆರೆದು ತೆಗೆದರು. ಪಾಚಿ ಕೆರೆಯುವ ಪಟ್ಟಿಯನ್ನು ಅಫ್ರೋಝ್ ಮುಂದೆ ಹಿಡಿದ. ಅವರು ತೆಗೆದುಕೊಳ್ಳಲಿಲ್ಲ.

ಹೋದ ದಿನಗಳು ಹೋದವು. ಬಾಕಿ ಅರ್ಧವನ್ನು ಓಡಿ ಓಡಿ ಬಳಿದರೂ ನಿಶ್ಚಿತಾರ್ಥದ ಬೆಳಿಗ್ಗೆಗೆ ಹಾಲ್ ಪಕ್ಕದ ಓಣಿ ಬಾಕಿಯಾಯಿತು. ಒಂದು ಕಡೆ ಚಪ್ಪರಕ್ಕೆ ಮಲ್ಲಿಗೆ ಕಟ್ಟುತ್ತಿದ್ದರು. ಇನ್ನೊಂದು ಕಡೆ ನಾನೂ ಅಫ್ರೋಝನೂ ಕೊನೆಯ ಕೋಟು ಎಳೆಯುತ್ತಿದ್ದೆವು. ಅತಿಥಿಗಳು ಬರಲು ಶುರುವಾಯಿತು. ಮೋಹನದಾಸರ ಮನೆಗೆ ಹೋಗುವವರಿಂದ ಲಿಫ್ಟು ತುಂಬಿ ತುಂಬಿ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಲೇ ಇರಲಿಲ್ಲ.

ಮೋಹನದಾಸರು ಹಾಲ್‌ನಿಂದ ಅವಸರದಲ್ಲಿ ಬಂದರು. ರೇಷ್ಮೆ ಪಂಚೆ, ರೇಷ್ಮೆ ಶಾಲು. ಅವರಿಗೆ ಸಕ್ಕರೆ ಕಾಯಿಲೆ, ತಡೆದುಕೊಳ್ಳಲು ಆಗುವುದಿಲ್ಲ. ಲಿಫ್ಟಿನ ಗುಂಡಿ ಒತ್ತಿದರು. ಕಾದರು. ಮೆಟ್ಟಿಲು ನೋಡಿದರು. ಏಳು ಮಾಳಿಗೆ. ಮೆಟ್ಟಿಲು ಬಿಟ್ಟು ನಮ್ಮ ಓಣಿಗೆ ನುಗ್ಗಿ ಕಕ್ಕಸಿನ ಬಾಗಿಲು ದೂಡಿದರು. ಒಳಗಿನಿಂದ ಚಿಲಕ.

"ಯಾರು ಒಳಗೆ?"

"ಜನ ಉಂಟು," ಎಂದಿತು ಬಾಗಿಯ ಸ್ವರ.

"ಬೇಗ!"

"ಆಗುವಾಗ ಆಗ್ತದೆ ಸಾರ್. ನಿಲ್ಲಿ."

ಅವರು ನನ್ನನ್ನು ನೋಡಿದರು. ನಾನು ಬ್ರಷ್ ನೋಡಿದೆ. ಅವರು ಕಾಲಿಗೆ ಕಾಲು ಸೇರಿಸಿ ಗೋಡೆಗೆ ಒರಗಲು ಹೋದರು.

"ಒರಗಬೇಡಿ ಸಾರ್, ಹಸಿ ಉಂಟು," ಎಂದೆ.

ನೆಟ್ಟಗಾದರು. ಶಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಬಾಗಿಲಿನ ಹತ್ತಿರಕ್ಕೆ ಇನ್ನೂ ಒಂದು ಹೆಜ್ಜೆ ಇಟ್ಟರು.

ಅಲ್ಲಿ ಪ್ರೇಮ್ ನಿಂತಿದ್ದ. "ಸಾಲು ಉಂಟು ಸಾರ್," ಎಂದ. "ನನ್ನ ಹಿಂದೆ."